ಶೇಕಡಾ ಅರುವತ್ತು

ಬೆಳಿಗ್ಗೆ ಎದ್ದಾಗಿನಿಂದ ಚನಿಯಪ್ಪನಿಗೆ ತನ್ನ ಬಾಯಿ ತನಗೇ ನಾರುತ್ತಿತ್ತು. ಎರಡು ಸಲ ಹಲ್ಲುಜ್ಜಿದ, ಉಪ್ಪುನೀರು ಮುಕ್ಕಳಿಸಿದ, ಲವಂಗ ಅಗಿದ. ಊಹೂಂ. ನಾಲಿಗೆಯ ಬುಡದಲ್ಲಿ ಏನೋ ಕೊಳೆತು ಕೂತಿತ್ತು, ಅದು ಅಲ್ಲಿಂದ ಏಳುವ ಲಕ್ಷಣ ಕಾಣಲಿಲ್ಲ. ಏಳೂವರೆಯ ಬಸ್ಸು ಹಿಡಿದರೆ ಎಂಟೂವರೆಗೆ ಸುಳ್ಯ. ಅಂಗವಿಕಲರ ಪ್ರಮಾಣಪತ್ರದ ಶಿಬಿರದಲ್ಲಿ ಮೊದಲ ಇಪ್ಪತ್ತರ ಒಳಗೆ ಟೋಕನ್ ಸಿಕ್ಕಿದರೂ ಸಿಕ್ಕಿತು. ಅವನು ಚಾವಡಿಗೆ ಬರುವಾಗ ಭವಿತಾ ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಹತ್ತೊಂಬತ್ತು ವರ್ಷದ ಮಗಳು. ಕೆಳತುಟಿ ಕಚ್ಚಿಕೊಂಡು, ಮೂಗಿನಿಂದ ಬುಸುಬುಸು ಉಸಿರು ಬಿಡುತ್ತ, ಒಂದೊಂದು ಗುಂಡಿಯನ್ನೂ ಅದರದರ ಕಾಜಕ್ಕೆ ದಾಟಿಸಿ, ಕೊನೆಗೆ "ಐದು!" ಅಂದಳು. ಐದೂ ಸರಿಯಾಗಿದ್ದವು. ಚನಿಯಪ್ಪ ಬಾಗಿ ಕೆಳಗಿನ ಮೂರನ್ನು ಬಿಚ್ಚಿದ. ಒಂದನ್ನು ತಪ್ಪು ಕಾಜಕ್ಕೆ ಹಾಕಿದ, ಇನ್ನೆರಡನ್ನು ಹಾಗೇ ಬಿಟ್ಟ. ಭವಿತಾ ಅಪ್ಪನ ಕೈಯನ್ನು ನೋಡಿದಳು, ಅಂಗಿಯನ್ನು ನೋಡಿದಳು. ಅಪ್ಪನಿಗೆ ಬರುವುದಿಲ್ಲ ಎಂದು ಕನಿಕರವಾಯಿತೋ ಏನೋ, ಅವನ ಕೆನ್ನೆ ತಟ್ಟಿ, ಮತ್ತೆ ಮೂರನ್ನೂ ಸರಿಮಾಡಿಕೊಂಡಳು. ಅವನು ಮತ್ತೆ ಬಿಚ್ಚಿದ. ಅಡುಗೆಮನೆಯ ಬಾಗಿಲಲ್ಲಿ ದಮಯಂತಿ ಒಗ್ಗರಣೆ ಸೌಟು ಹಿಡಿದುಕೊಂಡು ನಿಂತಿದ್ದಳು.

"ಬಿಚ್ಚಿ, ಬಿಚ್ಚಿ. ಎಷ್ಟು ಬಿಚ್ತೀರಿ ನೋಡುವ," ಅಂದಳು.

"ನೀನೇ ಬಾ ಅಂದ್ರೆ ಬರುದಿಲ್ಲ. ಬರದಿದ್ದವಳು ಮಾತಾಡ್ಲಿಕ್ಕೆ ಇಲ್ಲ."

"ನಾನು ಸತ್ರೂ ಬರುದಿಲ್ಲ. ನನ್ನ ಮಗಳಿಗೆ ಎಂತದೂ ಬರುದಿಲ್ಲ ಅಂತ ಹೇಳುದನ್ನು ನಾನು ಅಲ್ಲಿ ಕೂತು ಕೇಳ್ಬೇಕಾ?"

ಸೌಟಿನಲ್ಲಿ ಸಾಸಿವೆ ಸೀಯುತ್ತಿತ್ತು. ಅದರ ಕಡೆಗೆ ಅವಳಿಗೆ ಗಮನವೇ ಇರಲಿಲ್ಲ. ಏಳು ವರ್ಷ ತೆಗೆದುಕೊಂಡಿದ್ದಳು ದಮಯಂತಿ ಈ ಐದು ಗುಂಡಿಗೆ. ಹಳೆಯ ದಿಂಬಿನ ಚೀಲಕ್ಕೆ ಚನಿಯಪ್ಪನ ಹರಿದ ಅಂಗಿಗಳಿಂದ ಕಿತ್ತ ಐದು ದೊಡ್ಡ ಗುಂಡಿ ಹೊಲಿದು, ಕಾಜ ಕತ್ತರಿಸಿ, ಮಧ್ಯಾಹ್ನ ಊಟವಾದ ಮೇಲೆ ಮಗಳ ತೊಡೆಯ ಮೇಲೆ ಇಟ್ಟು ಕೂರುತ್ತಿದ್ದಳು. ಒಂದು ಗುಂಡಿ ದಾಟಿದರೆ ಒಂದು ಚೂರು ಕಡ್ಲೆಮಿಠಾಯಿ. ಅದಕ್ಕಿಂತ ಮೊದಲು ಎರಡು ವರ್ಷ ಬಾಯಿ ಮುಚ್ಚುವ ಪಾಠ. ಚಿಕ್ಕವಳಿದ್ದಾಗ ಭವಿತಾಳ ಬಾಯಿಯಿಂದ ಸದಾ ಜೊಲ್ಲು. ಎದೆಯ ಮೇಲೆ ಅಂಗಿ ಒದ್ದೆ, ಕುತ್ತಿಗೆಯ ಮಡಿಕೆಯಲ್ಲಿ ಹುಣ್ಣು. ಆಗ ಚನಿಯಪ್ಪ ಅವಳನ್ನು ಎತ್ತಿಕೊಂಡವನೇ ಅಲ್ಲ. ಮನೆಗೆ ಯಾರಾದರೂ ಬಂದರೆ "ಅದನ್ನು ಒಳಗೆ ಕೂರಿಸು" ಅನ್ನುತ್ತಿದ್ದ. 'ಅದನ್ನು' ಎಂದೇ ಅಂದಿದ್ದ, ಬೇಕಾದಷ್ಟು ಸಲ. ದಮಯಂತಿ ಮಗಳ ಎದುರು ಕೂತು, ತನ್ನ ತುಟಿ ಮುಚ್ಚಿ ತೋರಿಸಿ, ಬೆರಳಿನಿಂದ ಅವಳ ತುಟಿ ಕೂಡಿಸಿ, ನುಂಗು ಮಗ, ನುಂಗು, ಎಂದು ದಿನಕ್ಕೆ ನೂರು ಸಲ ಹೇಳುವಾಗ ಅವನು ಪೇಪರು ಓದುತ್ತ ಮನಸ್ಸಿನಲ್ಲೇ ನಗುತ್ತಿದ್ದ. ಒಂದು ದಿನ ಅಂಗಿ ಒಣಗಿಯೇ ಇತ್ತು. ಆಮೇಲೆ ಹೆಸರು ಹೇಳಲು ಬಂತು. ಚಹಾ ಮಾಡಲು ಬಂತು. ಇದೆಲ್ಲ ನಡೆದದ್ದು ಇವನ ಮನೆಯಲ್ಲೇ, ಇವನ ಕಣ್ಣೆದುರಿಗೇ. ಇವನು ಮಾಡಿದ್ದು ಏನು ಅಂದರೆ ಕಡ್ಲೆಮಿಠಾಯಿ ತಂದುಕೊಟ್ಟದ್ದು.

ಪಂಚಾಯತಿಯಲ್ಲಿ ವಿಕಲಚೇತನರ ಕೆಲಸ ನೋಡುವ ಬೋಜಣ್ಣ ಎರಡು ವಾರದ ಹಿಂದೆ ಅಂಗಳದಲ್ಲಿ ಬೈಕು ನಿಲ್ಲಿಸಿ, ಇಳಿಯದೆಯೇ ವಿಷಯ ಹೇಳಿದ್ದ. ಹಳೆಯ ಕಾರ್ಡಿನ ಅವಧಿ ಮುಗಿದಿದೆ, ಮತ್ತೆ ಪರೀಕ್ಷೆ ಆಗಬೇಕು. ಅಷ್ಟರಲ್ಲಿ ಭವಿತಾ ತಟ್ಟೆಯಲ್ಲಿ ಎರಡು ಗ್ಲಾಸು ಚಹಾ ತಂದು, ಒಂದು ತೊಟ್ಟೂ ಚೆಲ್ಲದೆ ಅವನ ಮುಂದೆ ಹಿಡಿದಳು. ಬೋಜಣ್ಣನ ಮುಖ ಕೆಟ್ಟಿತು.

"ಇದು ಬಾರೀ ಕಷ್ಟ ಉಂಟಲ್ಲ ಮಾರಾಯ್ರೆ. ಕಳೆದ ಸಲ ಎಷ್ಟು ಇತ್ತು?"

"ಎಪ್ಪತ್ತು."

"ಅದು ಐದು ವರ್ಷದ ಹಿಂದೆ ಅಲ್ವ? ಈಗ ಇವಳು ಹೀಗೆ ಚಹಾ ಗಿಹಾ ಕೊಟ್ರೆ ನಲುವತ್ತು ಬರೀತಾರೆ. ಪಂಜದ ಕಡೆಯ ಒಬ್ಬ ಹುಡುಗ, ಡಾಕ್ಟ್ರ ಎದುರು ತನ್ನ ಹೆಸರು ಬರೆದು ತೋರಿಸಿದ. ಅಪ್ಪ ಅಮ್ಮ ಚಪ್ಪಾಳೆ ಬೇರೆ ತಟ್ಟಿದ್ರಂತೆ. ಎಲ್ಲ ಹೋಯ್ತು. ಅರುವತ್ತರ ಮೇಲೆ ಇದ್ರೆ ಪಿಂಚಣಿ ಪೂರ್ತಿ, ಫಿಟ್ಸಿನ ಮಾತ್ರೆ, ಆಸ್ಪತ್ರೆ ಕಾರ್ಡು. ಕೆಳಗೆ ಇಳಿದ್ರೆ ನಾನು ಎಂತ ಮಾಡ್ಲಿಕ್ಕೂ ಇಲ್ಲ." ಚಹಾ ಕುಡಿದು ಮುಗಿಸಿ, ಗ್ಲಾಸು ಭವಿತಾಳ ಕೈಗೆ ಕೊಟ್ಟು, "ಚಂದ ಮಾಡಿದ್ದಿ ಮಗ. ಸಕ್ಕರೆ ಸ್ವಲ್ಪ ಜಾಸ್ತಿ," ಅಂದು ಬೈಕು ಒದ್ದ.

ಆ ರಾತ್ರಿ ಚನಿಯಪ್ಪನಿಗೆ ನಿದ್ರೆ ಬರಲಿಲ್ಲ ಅಂತಲ್ಲ; ಚೆನ್ನಾಗಿಯೇ ಬಂತು, ಅದೇ ಅವನಿಗೆ ಹೇಸಿಗೆ. ನಿದ್ರೆಗೆ ಮೊದಲೇ ಅವನು ತೀರ್ಮಾನ ಮಾಡಿಯಾಗಿತ್ತು. ತನಗೆ ಐವತ್ತಾರು. ಸಕ್ಕರೆ ಕಾಯಿಲೆ. ದಮಯಂತಿಗೆ ಸೊಂಟ ಹಿಡಿದಿದೆ. ತಮ್ಮನ ಮಕ್ಕಳು ಒಳ್ಳೆಯವರೇ, ಆದರೆ ಭವಿತಾಳನ್ನು ಕಂಡರೆ ಅವರು ಮಾತನಾಡಿಸುವುದು ಜೋರಾಗಿ, ಕಿವುಡರನ್ನು ಮಾತನಾಡಿಸುವ ಹಾಗೆ. ನಾವಿಬ್ಬರೂ ಹೋದ ಮೇಲೆ ಇವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಕಾರ್ಡು ಇದ್ದರೆ ಇಟ್ಟುಕೊಳ್ಳುತ್ತಾರೆ. ಪಿಂಚಣಿ ಬರುವ ಹುಡುಗಿಯನ್ನು ಯಾರೂ ರಸ್ತೆಗೆ ಹಾಕುವುದಿಲ್ಲ. ಇದು ಅವನ ಲೆಕ್ಕಾಚಾರ, ಇದರಲ್ಲಿ ತಪ್ಪು ಹುಡುಕಲು ಅವನು ಹೋಗಲೇ ಇಲ್ಲ. ಇವಳಿಗೆ ಸ್ವಲ್ಪ ಬರುತ್ತದೆ ಎಂಬುದೇ ಈಗ ಇವಳ ಕೇಡು. ಪೂರ್ತಿ ಬರುವವರಿಗೆ ಒಂದು ದಾರಿ, ಏನೂ ಬರದವರಿಗೆ ಒಂದು ದಾರಿ. ನಡುವೆ ನಿಂತವರಿಗೆ ಎರಡೂ ಕಡೆ ಬಾಗಿಲು ಹಾಕುತ್ತಾರೆ. ಥೂ, ಯಾವ ಬೇವರ್ಸಿ ಕೂತು ಬರೆದನೋ ಈ ಅರುವತ್ತನ್ನು.

ಮರುದಿನದಿಂದ ಆಟ. ರೇಶನ್ ಅಂಗಡಿಯಿಂದ ಬರುವಾಗ ಕಡ್ಲೆಮಿಠಾಯಿ ಕಟ್ಟು ತಂದ. ಅವನು ಕೆಲಸಕ್ಕಿದ್ದದ್ದು ಎರಡು ಮೈಲಿ ಆಚೆಯ ರೇಶನ್ ಅಂಗಡಿಯಲ್ಲಿ. ಅಕ್ಕಿ ತೂಗುವುದಕ್ಕಿಂತ ಹೆಚ್ಚಾಗಿ ಜನರ ಹೆಬ್ಬೆರಳು ಹಿಡಿದು ಮೆಷಿನ್ನಿಗೆ ಒತ್ತಿಸುವುದು. ಮಗಳನ್ನು ಎದುರು ಕೂರಿಸಿಕೊಂಡು, "ನಿನ್ನ ಹೆಸರು ಎಂತ?" ಅಂದ. "ಭವಿತಾ," ಅಂದಳು, ಕೈ ಚಾಚಿದಳು. ಕೊಡಲಿಲ್ಲ. ತನ್ನ ಬಲಗಿವಿ ಮುಟ್ಟಿಕೊಂಡ. "ಅಪ್ಪ ಕಿವಿ ಮುಟ್ಟಿದ್ರೆ ಮಾತಾಡ್ಲಿಕ್ಕೆ ಇಲ್ಲ. ಗೊತ್ತಾಯ್ತಾ? ನಿನ್ನ ಹೆಸರು ಎಂತ?" ಮತ್ತೆ ಭವಿತಾ ಅಂದಳು, ಸ್ವಲ್ಪ ಜೋರಾಗಿ, ಅಪ್ಪನಿಗೆ ಕೇಳಿಸಲಿಲ್ಲವೇನೋ ಎಂದು. ಮೂರು ದಿನ ಹೀಗೇ. ಉತ್ತರ ಗೊತ್ತಿದ್ದೂ ಮಿಠಾಯಿ ಸಿಗದೆ ಅವಳ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ನಾಲ್ಕನೆಯ ದಿನ ಬೇಸತ್ತು ಸುಮ್ಮನೆ ಕೂತಳು. ತಕ್ಷಣ ಬಾಯಿಗೆ ಮಿಠಾಯಿ ಇಟ್ಟ. ಅವಳ ಮುಖದಲ್ಲಿ ಒಂದು ಆಶ್ಚರ್ಯ! ಇಷ್ಟು ಸುಲಭವಾ? ಅಲ್ಲಿಂದ ಮುಂದೆ ಓಡಿತು. ಕಿವಿ ಮುಟ್ಟಿದರೆ ಹೆಸರಿಲ್ಲ, ಲೆಕ್ಕವಿಲ್ಲ, ಕೊಟ್ಟ ವಸ್ತು ಹಿಡಿಯುವುದಿಲ್ಲ, ಕೈಜಾರಿ ಬಿದ್ದರೆ ಎತ್ತುವುದಿಲ್ಲ. ಹನ್ನೊಂದೇ ದಿನ. ಅವ್ವ ಏಳು ವರ್ಷ ಹೊತ್ತು ಗುಡ್ಡ ಹತ್ತಿಸಿದ್ದನ್ನು ಅಪ್ಪ ಹನ್ನೊಂದು ದಿನದಲ್ಲಿ ಕೆಳಗೆ ಉರುಳಿಸಿದ. ದಮಯಂತಿ ಆ ಹನ್ನೊಂದು ದಿನ ಮಧ್ಯಾಹ್ನದ ದಿಂಬು ತೆಗೆಯಲೇ ಇಲ್ಲ. "ಇವರ ಆಟ ಮುಗೀಲಿ," ಅನ್ನುತ್ತಿದ್ದಳು ಗೋಡೆಗೆ.

ಬಸ್ಸಿನಲ್ಲಿ ಭವಿತಾಳಿಗೆ ಹಬ್ಬ. ಹೆಂಗಸರಿಗೆ ಟಿಕೇಟು ಪುಕ್ಕಟೆಯಾದಂದಿನಿಂದ ಅವಳು ಎರಡು ಸಲ ಅವ್ವನ ಜೊತೆ ಸುಳ್ಯಕ್ಕೆ ಹೋಗಿಬಂದಿದ್ದಳು. ತನ್ನ ಆಧಾರ್ ಕಾರ್ಡನ್ನು ತಾನೇ ತೋರಿಸಿ, ತನ್ನ ಚೀಟಿಯನ್ನು ತಾನೇ ಕೇಳಿ ಪಡೆಯುವುದು ಅವಳ ಬದುಕಿನ ಅತಿ ದೊಡ್ಡ ಸಂಗತಿ. ಕಂಡಕ್ಟರ್ ಹತ್ತಿರ ಬರುವ ಮೊದಲೇ ಕಾರ್ಡು ಎತ್ತಿಹಿಡಿದು, "ಸುಳ್ಯ ಒಂದು!" ಅಂದಳು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನಕ್ಕರು, ಒಳ್ಳೆಯ ನಗೆಯೇ. ಚನಿಯಪ್ಪ ಸುತ್ತ ನೋಡಿದ. ಇವರಲ್ಲಿ ಯಾರಾದರೂ ಶಿಬಿರಕ್ಕೆ ಬರುವವರಿದ್ದರೆ? ಕಿವಿ ಮುಟ್ಟಿಕೊಂಡ. ಅವಳು ಕಿಟಕಿಯ ಕಡೆ ತಿರುಗಿದ್ದಳು, ನೋಡಲಿಲ್ಲ. ಸೊನ್ನೆ ರೂಪಾಯಿಯ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಹಾಗೇ ಸುಮ್ಮನೆ ಕೆಳಗಿನ ಗುಂಡಿಗಳನ್ನು ಸರಿಮಾಡಿಕೊಂಡಳು. ಇಳಿಯುವ ಮೊದಲು ಅವನು ಬಿಚ್ಚಿದ. ಪಕ್ಕದ ಸೀಟಿನ ಹೆಂಗಸೊಬ್ಬಳು ನೋಡಿದಳು. ಅಪ್ಪನಾದವನು ಬಸ್ಸಿನಲ್ಲಿ ದೊಡ್ಡ ಮಗಳ ಅಂಗಿಯ ಗುಂಡಿ ಬಿಚ್ಚುವುದನ್ನು ನೋಡಿದಳು. ಅವಳ ಮುಖದಲ್ಲಿ ಮೂಡಿದ್ದನ್ನು ಕಂಡು ಚನಿಯಪ್ಪ ತಲೆ ತಗ್ಗಿಸಿದ. ಏನೆಂದು ಹೇಳುವುದು? ಹಾಗಲ್ಲ ಅಕ್ಕ, ನಾನು ಅಂಥವನಲ್ಲ, ನಾನು ಇನ್ನೊಂದು ಬಗೆಯವನು ಅನ್ನುವುದಾ?

ಶಿಬಿರ ನಡೆಯುತ್ತಿದ್ದ ಸಭಾಭವನದಲ್ಲಿ ಹಿಂದಿನ ದಿನ ಯಾರದೋ ಮದುವೆಯಾಗಿತ್ತು. ಮೂಲೆಯಲ್ಲಿ ಬಾಡಿದ ಮಲ್ಲಿಗೆ, ಫಿನಾಯಿಲು, ಅದರ ಅಡಿಯಿಂದ ಎಷ್ಟು ತೊಳೆದರೂ ಹೋಗದ ಮೂತ್ರದ ವಾಸನೆ. ಬಾಗಿಲ ಮೇಲೆ ಕಟ್ಟಿದ ಬ್ಯಾನರಿನಲ್ಲಿ ಹತ್ತಾರು ಮುಖಗಳು ಹಲ್ಲು ಬಿಟ್ಟುಕೊಂಡು ಕೈ ಮುಗಿದಿದ್ದವು. ಅವುಗಳ ಕೆಳಗೆ ಗಾಲಿಕುರ್ಚಿಯ ಒಂದು ಸಣ್ಣ ಚಿತ್ರ. ಟೋಕನ್ ಮೂವತ್ತೊಂದು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಒಬ್ಬರ ಮಕ್ಕಳನ್ನು ಒಬ್ಬರು ಅಳೆಯುತ್ತಿದ್ದರು. ನಿಮ್ಮದು ಎಷ್ಟು? ನಮ್ಮದು ಐವತ್ತೈದು, ಈ ಸಲ ಹೇಗಾದರೂ ಅರುವತ್ತು ಮಾಡಿಸಬೇಕು. ಇವನಿಗೆ ಎಂಬತ್ತು ಕೊಟ್ಟಿದ್ದಾರೆ, ಪುಣ್ಯವಂತರು ನೀವು! ಹಾಗೆ ಹೇಳಿಸಿಕೊಂಡ ತಾಯಿಯ ಮುಖದಲ್ಲಿ ಒಂದು ಕ್ಷಣ ನಿಜವಾಗಿಯೂ ಜಂಬ ಹಾದುಹೋಯಿತು. ಮಗ ಅವಳ ಕಾಲ ಬಳಿ ನೆಲದಲ್ಲಿ ಹೊರಳುತ್ತಿದ್ದ. ಚನಿಯಪ್ಪನಿಗೆ ಅವರನ್ನೆಲ್ಲ ಕಂಡು ವಾಕರಿಕೆ ಬಂತು. ತನ್ನನ್ನು ಬಿಟ್ಟು ಉಳಿದವರನ್ನು ಕಂಡು ಬಂತು ಅಂದರೆ ಸುಳ್ಳು. ಅವನೂ ಎದುರು ಸಾಲಿನ ಹುಡುಗಿಯನ್ನು ನೋಡಿ, ಇವಳಿಗಿಂತ ನನ್ನವಳು ಜಾಣೆ ಕಾಣಿಸುತ್ತಾಳೆ, ಮುಖ ತೊಳೆಸಿದ್ದು ತಪ್ಪಾಯಿತು ಎಂದು ಯೋಚಿಸಿಯಾಗಿತ್ತು.

"ಗೌಡ್ರೆ, ನೀವೂ ಬಂದ್ರಾ?"

ಬೀಫಾತುಮ್ಮ. ಅವನ ರೇಶನ್ ಅಂಗಡಿಯಲ್ಲಿ ಕಾರ್ಡು ಇರುವ ಮುದುಕಿ. ಜೊತೆಯಲ್ಲಿ ತಾಯಿಯಿಲ್ಲದ ಮೊಮ್ಮಗಳು ಆಫ್ರಾ, ಹದಿನಾಲ್ಕು ವರ್ಷದವಳು. ಆಫ್ರಾಳ ಕುತ್ತಿಗೆ ನಿಲ್ಲುವುದಿಲ್ಲ, ಒಂದು ಕಡೆಗೆ ವಾಲಿ ಮತ್ತೆ ಜಗ್ಗಿದ ಹಾಗೆ ಮೇಲೇಳುತ್ತದೆ. ಕಣ್ಣು ಎಲ್ಲೂ ನೆಲೆಗೊಳ್ಳುವುದಿಲ್ಲ. ತುಟಿಯ ಮೂಲೆಯಿಂದ ಜೊಲ್ಲಿನ ಎಳೆ. ಅಜ್ಜಿ ತಲೆಗೆ ಹೊದ್ದ ತಟ್ಟದ ತುದಿಯಿಂದ ಅದನ್ನು ಒರೆಸಿ ಒರೆಸಿ ತಟ್ಟದ ಆ ಮೂಲೆಯೇ ಗಟ್ಟಿಯಾಗಿತ್ತು. ನಲುವತ್ತು ವರ್ಷ ಬೀಡಿ ಕಟ್ಟಿದ ಬೀಫಾತುಮ್ಮನ ಹೆಬ್ಬೆರಳಿನಲ್ಲಿ ಗೆರೆಯೇ ಉಳಿದಿಲ್ಲ, ನುಣ್ಣಗೆ. ಮೆಷಿನ್ನಿಗೆ ಅದು ಬೆರಳೇ ಅಲ್ಲ. ಕಳೆದ ಎರಡು ತಿಂಗಳೂ ಚನಿಯಪ್ಪ ಆ ಬೆರಳನ್ನು ಒರೆಸಿ ಒತ್ತಿಸಿ, ಮತ್ತೆ ಒರೆಸಿ ಒತ್ತಿಸಿ, "ತೆಗೊಳ್ಳುದಿಲ್ಲ ಬೀಫಾತುಮ್ಮ, ಮುಂದಿನ ಸಲ ನೋಡುವ," ಎಂದು ಖಾಲಿ ಚೀಲದ ಜೊತೆ ಕಳಿಸಿದ್ದ. ತಾನು ಮಾಡುವುದು ಎಂತ, ಮೆಷಿನ್ನು ಹೇಳಿದ್ದು. ಎರಡನೆಯ ಸಲ ಮುದುಕಿ ಬೆರಳನ್ನು ಬಾಯಲ್ಲಿ ಅದ್ದಿ ತಂದಿದ್ದಳು. ಅವನು ಥೂ ಎಂದು ಬಟ್ಟೆಯಿಂದ ಗಾಜು ಒರೆಸಿದ್ದ, ಅವಳೆದುರಿಗೇ.

"ಉಮ್ಮ!" ಅಂದಳು ಭವಿತಾ, ಮುಖ ಅರಳಿಸಿ. "ಆಫ್ರಾ! ಊಟ ಆಯ್ತಾ?"

ಚನಿಯಪ್ಪ ಕಿವಿ ಮುಟ್ಟಿಕೊಂಡ. ಭವಿತಾಳ ಬಾಯಿ ತಟ್ಟನೆ ಮುಚ್ಚಿತು, ಮುಖ ಸಪ್ಪಗಾಯಿತು, ಕೈ ತೊಡೆಯ ಮೇಲೆ ಸತ್ತು ಬಿತ್ತು. ಬೀಫಾತುಮ್ಮ ಹುಡುಗಿಯನ್ನು ನೋಡಿದಳು, ಅವನ ಕಿವಿಯನ್ನು ನೋಡಿದಳು, ಬಿಚ್ಚಿದ ಗುಂಡಿಗಳನ್ನು ನೋಡಿದಳು. ಏನೂ ಕೇಳಲಿಲ್ಲ. ಎರಡು ಕುರ್ಚಿ ಆಚೆ ಕೂತು ಆಫ್ರಾಳ ಬಾಯಿ ಒರೆಸಿದಳು. ಕೇಳಿದ್ದರೆ ಒಳ್ಳೆಯದಿತ್ತು ಅನಿಸಿತು ಅವನಿಗೆ; ಕೇಳಿದ್ದರೆ ನಿಮಗೆಂತ ಅದು ಎಂದು ಜಗಳವಾದರೂ ಆಡಬಹುದಿತ್ತು. ಎರಡು ಗಂಟೆ ಕೂತರು. ಆ ಎರಡು ಗಂಟೆಯೂ ಭವಿತಾ ಆಫ್ರಾಳನ್ನೇ ನೋಡುತ್ತಿದ್ದಳು. ದಿಂಬಿನ ಗುಂಡಿಯನ್ನು ನೋಡುವಾಗ ಇರುತ್ತಿದ್ದ ಅದೇ ಗಮನ, ಕೆಳತುಟಿ ಕಚ್ಚಿಕೊಂಡು. ಚನಿಯಪ್ಪ ಅದಕ್ಕೆ ಬೆಲೆ ಕೊಡಲಿಲ್ಲ. ಮಾತಾಡುತ್ತಿಲ್ಲವಲ್ಲ, ಅಷ್ಟು ಸಾಕು ಅಂದುಕೊಂಡ.

ಡಾಕ್ಟರ ಕೋಣೆಗೆ ಮೊದಲು ಒಂದು ಮೇಜು. ಅಲ್ಲಿ ಬೆರಳು, ಕಣ್ಣು ಎರಡನ್ನೂ ಮೆಷಿನ್ನಿಗೆ ಕೊಡಬೇಕು. ಆಫ್ರಾಳ ಟೋಕನ್ ಇಪ್ಪತ್ತೊಂಬತ್ತು. ಬೀಫಾತುಮ್ಮ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು, ಮೇಜಿನ ಹುಡುಗ ಕಣ್ಣಿನ ಯಂತ್ರವನ್ನು ಅವಳ ಮುಖಕ್ಕೆ ತಂದ. ತಲೆ ಜಗ್ಗಿತು. ಮತ್ತೆ ತಂದ. ಕಣ್ಣುಗುಡ್ಡೆ ಮೂಲೆಗೆ ಓಡಿತು. ಬೆರಳು ಮುಷ್ಟಿಯಿಂದ ಬಿಡಿಸಲಾಗಲಿಲ್ಲ. ಬಿಡಿಸುವಾಗ ಆಫ್ರಾ ಕೂಗಿಕೊಂಡಳು, ಸಭಾಭವನ ಇಡೀ ತಿರುಗಿ ನೋಡಿತು. ಆರೇಳು ಸಲ ಆದ ಮೇಲೆ ಹುಡುಗ ಬೆವರು ಒರೆಸಿಕೊಂಡು, "ತೆಗೊಳ್ಳುದಿಲ್ಲಮ್ಮ. ಇದಾಗದೆ ಮುಂದೆ ಹೋಗುದಿಲ್ಲ. ಮುಂದಿನ ಸಲ ನೋಡುವ," ಅಂದ. ತನ್ನ ಮಾತು ಇನ್ನೊಬ್ಬನ ಬಾಯಲ್ಲಿ ಕೇಳಿ ಚನಿಯಪ್ಪ ತನ್ನ ಟೋಕನ್ನಿನ ಕಡೆ ನೋಡಿದ. ಪಾಪ, ಆ ಹುಡುಗನೂ ಕೆಟ್ಟವನಲ್ಲ. ಮೂವತ್ತೊಂದು. ಭವಿತಾ ನೆಟ್ಟಗೆ ಕೂತಳು. ಕಣ್ಣು ಅಗಲಿಸು ಅಂದರೆ ಅಗಲಿಸಿದಳು, ಅಲ್ಲಾಡಬೇಡ ಅಂದರೆ ಅಲ್ಲಾಡಲಿಲ್ಲ, ನಾಲ್ಕು ಬೆರಳು ಅಂದರೆ ನಾಲ್ಕು. ಒಂದೇ ಸಲಕ್ಕೆ ಹಸುರು ದೀಪ. "ವೆರಿಗುಡ್!" ಅಂದ ಹುಡುಗ. ಅವಳು ನಕ್ಕಳು. ಹೇಳಿದ ಮಾತು ಕೇಳಲು ಬರುವವಳು ಮಾತ್ರ, ಏನೂ ಬರದವಳು ಎಂದು ಬರೆಸಿಕೊಳ್ಳಲು ಒಳಗೆ ಹೋಗಬಹುದು. ಚನಿಯಪ್ಪನಿಗೆ ಅಲ್ಲೇ ಕೂತು ಕಾರಿಬಿಡಬೇಕು ಅನಿಸಿತು. ಕಾರಲಿಲ್ಲ. ಮಗಳ ಕೈ ಹಿಡಿದು ಒಳಗೆ ಹೋದ.

ಡಾಕ್ಟರಮ್ಮ ಘಟ್ಟದ ಮೇಲಿನವಳು, ಇನ್ನೂ ಚಿಕ್ಕವಳು, ಕಣ್ಣ ಕೆಳಗೆ ಕಪ್ಪು. ಮೇಜಿನ ಮೇಲೆ ಬಣ್ಣದ ಮರದ ತುಂಡುಗಳು, ಚಿತ್ರದ ಕಾರ್ಡುಗಳು. "ಬಾ ಪುಟ್ಟ, ಕೂತ್ಕೋ. ನಿನ್ನ ಹೆಸರೇನು?" ಅಂದಳು, ನಿಜವಾದ ಪ್ರೀತಿಯಿಂದ. ಭವಿತಾಳ ತುಟಿ ಭ ಅನ್ನಲು ಕೂಡಿತು. ಚನಿಯಪ್ಪ ಕಿವಿ ಮುಟ್ಟಿದ. ತುಟಿ ಬಿಟ್ಟುಕೊಂಡಿತು. ಇದು ಯಾವ ಪ್ರಾಣಿ? ಇದು ಯಾವ ಬಣ್ಣ? ಹಸುವಿನ ಚಿತ್ರ. ಮನೆಯಲ್ಲಿ ಹಸುವಿನ ಬಾಯಿಗೆ ಹುಲ್ಲು ಕೊಡುವವಳು ಅದನ್ನು ಗೋಡೆ ನೋಡಿದ ಹಾಗೆ ನೋಡಿದಳು. ಮರದ ತುಂಡು ಕೈಗೆ ಕೊಟ್ಟರೆ ಜಾರಿ ಬಿತ್ತು. ಎಲ್ಲ ಅವನು ಕಲಿಸಿದ ಹಾಗೇ. ಆಗ ಬಾಗಿಲು ತಳ್ಳಿಕೊಂಡು ಬೀಫಾತುಮ್ಮ ಒಳಗೆ ಬಂದಳು, ಆಫ್ರಾಳನ್ನು ಅರ್ಧ ಹೊತ್ತುಕೊಂಡು. ಮೆಷಿನ್ನು ತೆಗೊಳ್ಳದಿದ್ದರೂ ಡಾಕ್ಟ್ರು ಒಮ್ಮೆ ಕಣ್ಣಲ್ಲಿ ನೋಡಿದರೆ ಸಾಕು ಎಂದು ಅವಳ ಆಸೆ. "ಒಂದು ನಿಮಿಷ ಅಜ್ಜಿ, ನಿಲ್ಲಿ, ಇವರದ್ದು ಮುಗೀಲಿ," ಅಂದಳು ಡಾಕ್ಟರಮ್ಮ. ಭವಿತಾ ತಿರುಗಿ ಆಫ್ರಾಳನ್ನು ನೋಡಿದಳು.

ಆಮೇಲೆ ಆದದ್ದನ್ನು ಚನಿಯಪ್ಪ ಕಲಿಸಿರಲಿಲ್ಲ. ದೇವರಾಣೆಗೂ ಕಲಿಸಿರಲಿಲ್ಲ. ಭವಿತಾಳ ಕುತ್ತಿಗೆ ಎಡಕ್ಕೆ ವಾಲಿತು. ವಾಲಿ, ಜಗ್ಗಿದ ಹಾಗೆ ಮೇಲೆದ್ದಿತು. ಕಣ್ಣುಗುಡ್ಡೆಗಳು ಮೂಲೆಗೆ ಹೋದವು. ಬಾಯಿ ಓರೆಯಾಗಿ ತೆರೆದು, ಎರಡು ವರ್ಷ ಬೆರಳಿಟ್ಟು ಮುಚ್ಚಿಸಿದ ಆ ಬಾಯಿ ತೆರೆದು, ಮೂಲೆಯಿಂದ ಜೊಲ್ಲು ಇಳಿಯಿತು. ಗಲ್ಲದಿಂದ ಎದೆಯ ಮೇಲೆ, ಅಲ್ಲಿಂದ ಬಿಚ್ಚಿದ ಗುಂಡಿಯ ಮೇಲೆ. ಗಂಟಲಿನಿಂದ ಆಫ್ರಾ ಹೊರಗೆ ಕೂಗಿದಂಥದೇ ಒಂದು ಶಬ್ದ. ಅಷ್ಟು ಸರಿಯಾಗಿ, ಅಷ್ಟು ಶ್ರದ್ಧೆಯಿಂದ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲದೆ. ಕಲಿಯಲು ಬರುವುದಿಲ್ಲ ಎಂದು ಬರೆಸಿಕೊಳ್ಳಲು ಬಂದವಳು ಎರಡೇ ಗಂಟೆಯಲ್ಲಿ ಇನ್ನೊಬ್ಬಳನ್ನು ಪೂರ್ತಿ ಕಲಿತುಕೊಂಡಿದ್ದಳು. ಬಾಗಿಲಲ್ಲಿ ಬೀಫಾತುಮ್ಮ ತನ್ನ ಮೊಮ್ಮಗಳ ಬಾಯಿ ಒರೆಸಲು ಎತ್ತಿದ ತಟ್ಟವನ್ನು ಅಲ್ಲೇ ಹಿಡಿದು ನಿಂತಿದ್ದಳು. ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೆ ಇರುವುದು ಹೇಗೆ, ಹದಿನಾಲ್ಕು ವರ್ಷ ಅದೇ ಮುಖವನ್ನು ನೋಡಿದವಳಿಗೆ. ಭವಿತಾ ಕಣ್ಣಿನ ಮೂಲೆಯಿಂದ ಅಪ್ಪನ ಕಿಸೆಯ ಕಡೆ ನೋಡಿದಳು, ಮಿಠಾಯಿ ಯಾವಾಗ ಎಂದು.

"ನೀವು ಒಂದೇ ಊರಿನವರಾ?" ಡಾಕ್ಟರಮ್ಮ ಬೀಫಾತುಮ್ಮನನ್ನು ಕೇಳಿದಳು. "ಈ ಹುಡುಗಿ ಗೊತ್ತಾ? ಮನೇಲೂ ಹೀಗೇನಾ?"

ಮುದುಕಿ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. "ಹೌದು ಡಾಕ್ಟ್ರೆ. ಹುಟ್ಟಿದಾಗಿಂದ ಹೀಗೇ. ಪಾಪ."

ಡಾಕ್ಟರಮ್ಮ ಬರೆದಳು. ಬರೆಯುತ್ತ ತಲೆಯಲ್ಲಾಡಿಸಿದಳು. "ಎಪ್ಪತ್ತೈದು ಹಾಕಿದ್ದೀನಿ. ಐದು ವರ್ಷ ಆದ್ಮೇಲೆ ಮತ್ತೆ ಕರ್ಕೊಂಡು ಬನ್ನಿ. ಆದ್ರೆ ನೋಡಿ, ಇಷ್ಟು ವರ್ಷ ಮನೇಲಿ ಯಾರೂ ಇವಳಿಗೆ ಏನೂ ಕಲಿಸೋ ಪ್ರಯತ್ನನೇ ಮಾಡಿಲ್ವಾ? ಬಾಯಿ ಮುಚ್ಚೋದು, ಬಟ್ಟೆ ಹಾಕ್ಕೊಳೋದು, ಇಷ್ಟಾದ್ರೂ ಕಲಿಸಬಹುದಿತ್ತು. ತಾಯಿ ಇದಾರಾ?"

"ಇದ್ದಾಳೆ," ಅಂದ ಚನಿಯಪ್ಪ.

"ಅವರೇನು ಮಾಡ್ತಾರೆ?"

ಬಾಯಿಯ ವಾಸನೆ ಮೂಗಿಗೆ ಅಡರಿತು. "ಅವಳಿಗೆ ಅಷ್ಟೆಲ್ಲ ಗೊತ್ತಾಗುದಿಲ್ಲ ಮೇಡಂ," ಅಂದ.

ಹೊರಗೆ ಬಂದವನೇ ಗೇಟಿನ ಬಳಿ ನಲ್ಲಿಯಲ್ಲಿ ಬಾಯಿ ತೊಳೆದ. ಮಗಳ ಗಲ್ಲ ಒರೆಸಿದ, ಅವಳು ಕೈ ಚಾಚಿದಳು, ಮಿಠಾಯಿ ಕೊಟ್ಟ. ಕೊಡದೆ ಏನು ಮಾಡುವುದು, ಕೆಲಸ ಮಾಡಿಕೊಟ್ಟವಳು. ಆಫ್ರಾಳನ್ನು ಡಾಕ್ಟರಮ್ಮ ಕಣ್ಣಲ್ಲಿ ನೋಡಿದಳಂತೆ, ಅಯ್ಯೋ ಅಂದಳಂತೆ, ಮೆಷಿನ್ನು ತೆಗೆದುಕೊಳ್ಳದೆ ತಾನು ಬರೆಯುವಂತಿಲ್ಲ ಅಂದಳಂತೆ. ಹಿಂದೆಯೇ ಹೊರಗೆ ಬಂದ ಬೀಫಾತುಮ್ಮ ಇದನ್ನು ದೂರಿನ ಹಾಗೆ ಹೇಳಲಿಲ್ಲ, ಸುದ್ದಿಯ ಹಾಗೆ ಹೇಳಿದಳು. ಚನಿಯಪ್ಪ ಅವಳ ಹೆಬ್ಬೆರಳನ್ನು ನೋಡುತ್ತಿದ್ದ. "ಈ ತಿಂಗಳು ಅಂಗಡಿಗೆ ಬನ್ನಿ ಬೀಫಾತುಮ್ಮ. ಎಂತಾದ್ರೂ ಮಾಡುವ," ಅಂದ. ಎರಡು ತಿಂಗಳಿಂದ ಮಾಡಲಾಗದ್ದು ಈಗ ಹೇಗೆ ಮಾಡಲಾಗುತ್ತದೆ ಎಂದು ಅವಳು ಕೇಳಬಹುದಿತ್ತು. ಅವಳು ಭವಿತಾಳ ತಲೆ ಸವರಿದಳು.

"ಚಂದ ಮಾಡಿದಳು ಗೌಡ್ರೆ, ನಿಮ್ಮ ಮಗಳು. ನಮ್ಮ ಆಫ್ರಾನ ಹಾಗೇ. ನಾನೇ ಒಂದು ಗಳಿಗೆ ನನ್ನ ಮಗು ಯಾವುದು ಅಂತ ನೋಡಿದೆ."

ಇಷ್ಟು ಹೇಳಿ, ಆಫ್ರಾಳನ್ನು ಸೊಂಟಕ್ಕೆ ಆನಿಸಿಕೊಂಡು ರಸ್ತೆ ದಾಟಿದಳು. ಅವಳು ಒಂದು ಬೈಗುಳ ಬೈದಿದ್ದರೆ! ಚನಿಯಪ್ಪ ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತ, ಅವಳು ಬೈಯಬಹುದಾಗಿದ್ದ ಎಲ್ಲ ಬೈಗುಳಗಳನ್ನು ತಾನೇ ತನಗೆ ಬೈದುಕೊಂಡ. ಹಿತವಾಗಲಿಲ್ಲ. ವಾಪಸು ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಭವಿತಾ ಕಾರ್ಡು ಎತ್ತಲಿಲ್ಲ. ಅದೇ ಬೆಳಗಿನ ಕಂಡಕ್ಟರ್, "ಎಂತ ಮೇಡಂ, ಸಿಟ್ಟಾ? ಎಲ್ಲಿಗೆ ಒಂದು?" ಎಂದು ತಮಾಷೆ ಮಾಡಿದ. ಅವಳು ಅಪ್ಪನ ಕಿವಿಯ ಕಡೆ ನೋಡುತ್ತ ಕೂತಿದ್ದಳು. ದಣಿದಿದ್ದಾಳೆ, ಅಂದುಕೊಂಡ ಚನಿಯಪ್ಪ. ಕಾರ್ಡು ತಾನೇ ತೋರಿಸಿ ಚೀಟಿ ತೆಗೆದುಕೊಂಡು ಅವಳ ಕಿಸೆಗೆ ಹಾಕಿದ. ಎಪ್ಪತ್ತೈದು. ಹೋದ ಸಲಕ್ಕಿಂತ ಐದು ಹೆಚ್ಚು. ಗೆದ್ದದ್ದೇ ಅಲ್ಲವಾ ಇದು? ಇನ್ನು ಐದು ವರ್ಷ ಯಾರೂ ಏನೂ ಕೇಳುವುದಿಲ್ಲ. ಮನೆಗೆ ಹೋದ ಮೇಲೆ ಎಲ್ಲ ಸರಿಹೋಗುತ್ತದೆ, ಎಷ್ಟೆಂದರೂ ಆಟ.

ದಮಯಂತಿ ಅಂಗಳದ ತುದಿಯಲ್ಲೇ ಕಾಯುತ್ತಿದ್ದಳು. ಮಗಳ ಎದೆಯ ಮೇಲೆ ಒಣಗಿದ ಕಲೆಯನ್ನು ಕಂಡು ಬೆರಳಿನಿಂದ ಮುಟ್ಟಿದಳು, ಮೂಸಿ ನೋಡಿದಳು. ಎಷ್ಟೋ ವರ್ಷದ ಮೇಲೆ ಸಿಕ್ಕಿದ ಆ ವಾಸನೆ ಅವಳಿಗೆ ತಿಳಿಯದ್ದಲ್ಲ.

"ಎಪ್ಪತ್ತೈದು," ಅಂದ ಅವನು.

"ಡಾಕ್ಟ್ರು ನನ್ನ ಕೇಳಿದ್ರಾ?"

"ಇಲ್ಲ. ನಿನ್ನನ್ನು ಎಂತಕ್ಕೆ ಕೇಳುದು?"

"ಐದು ವರ್ಷ ಬಿಟ್ಟು ಪುನಃ ಹೋಗ್ಬೇಕಾ?"

"ಹೋಗ್ಬೇಕು."

"ಹಾಗಾದ್ರೆ ಈ ಐದು ವರ್ಷ ನಾನು ಇವಳಿಗೆ ಎಂತದೂ ಕಲಿಸುದು ಬೇಡ್ವ? ಕಲಿಸಿದ್ರೆ ನಿಮಗೆ ಬಿಚ್ಲಿಕ್ಕೆ ಕಷ್ಟ ಅಲ್ವ?"

ದಮಯಂತಿ ಒಳಗೆ ಹೋಗಿ ದಿಂಬು ತಂದಳು. ಹನ್ನೊಂದು ದಿನದ ಧೂಳು ಕೊಡವಿ, ಮಗಳನ್ನು ಚಾವಡಿಯ ಚಾಪೆಯಲ್ಲಿ ಕೂರಿಸಿ, ತೊಡೆಯ ಮೇಲೆ ಇಟ್ಟು, "ಹಾಕು ಮಗ. ಒಂದು," ಅಂದಳು. ಭವಿತಾ ದಿಂಬನ್ನು ನೋಡಲಿಲ್ಲ. ಅವಳು ಅಪ್ಪನನ್ನು ನೋಡಿದಳು, ಅವನ ಬಲಗಿವಿಯನ್ನು ನೋಡಿದಳು. ಚನಿಯಪ್ಪನ ಕೈಗಳು ಎರಡೂ ಕೆಳಗಿದ್ದವು, ಅವನು ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಆಗ ಹೊಳೆಯಿತು ಅವನಿಗೆ: ಆಟ ಶುರುವಾಗುವುದಕ್ಕೆ ಒಂದು ಗುರುತು ಕಲಿಸಿದ್ದ, ಮುಗಿಯುವುದಕ್ಕೆ ಒಂದನ್ನೂ ಕಲಿಸಿರಲಿಲ್ಲ.

"ಆಟ ಮುಗೀತು ಮಗ," ಅಂದ. "ಮುಗೀತು. ನಿನ್ನ ಹೆಸರು ಎಂತ? ಹೇಳು ನೋಡುವ."

"ಹೇಳು ಮಗ," ಅಂದಳು ದಮಯಂತಿ.

ಭವಿತಾ ಇಬ್ಬರನ್ನೂ ನೋಡಿದಳು. ಅವ್ವ ಅಪ್ಪ ಇಬ್ಬರೂ ಒಟ್ಟಿಗೆ, ಇಷ್ಟು ಹತ್ತಿರ ಬಾಗಿ, ಅವಳನ್ನೇ ನೋಡುತ್ತ ಕೂತದ್ದು ಅವಳ ನೆನಪಿನಲ್ಲಿ ಇರಲಿಕ್ಕಿಲ್ಲ. ಅವಳಿಗೆ ಸಂತೋಷವಾಯಿತು, ಅದು ಮುಖದಲ್ಲಿ ಕಾಣುತ್ತಿತ್ತು. ತನಗೆ ಬರುವುದರಲ್ಲೆಲ್ಲ ಅತ್ಯಂತ ಚೆನ್ನಾಗಿ ಬರುವುದನ್ನು ಅವರಿಗೆ ತೋರಿಸಬೇಕೆಂದು ಅವಳು ಕುತ್ತಿಗೆಯನ್ನು ಎಡಕ್ಕೆ ವಾಲಿಸಿದಳು, ಜಗ್ಗಿದ ಹಾಗೆ ಮೇಲೆತ್ತಿದಳು, ಬಾಯಿಯನ್ನು ಓರೆಯಾಗಿ ತೆರೆದಳು. ಜೊಲ್ಲು ದಿಂಬಿನ ಮೊದಲನೆಯ ಗುಂಡಿಯ ಮೇಲೆ ಬಿತ್ತು. ದಮಯಂತಿ ಕೂಗಲಿಲ್ಲ. ಸೆರಗು ಎತ್ತಿ, ಹಳೆಯ ಅಭ್ಯಾಸದ ಕೈಯಿಂದ, ಮಗಳ ಬಾಯಿಯ ಮೂಲೆಯನ್ನು ಒರೆಸಿದಳು.

ಭವಿತಾ ಅಪ್ಪನ ಕಡೆ ಕೈ ಚಾಚಿದಳು. ಅವನ ಕಿಸೆಯಲ್ಲಿ ಕಡ್ಲೆಮಿಠಾಯಿ ಇನ್ನೂ ಎರಡು ಇತ್ತು.